ಯುಎಸ್‌ಬಿ ಮೈಕ್, ಕೈಮೀಟರ್, ಫೋನ್ ಆಪ್: ಸುತ್ತಲಿನ ಗದ್ದಲ ಅಳೆಯೋಕೆ ಯಾವ್ದು ಆಗುತ್ತೆ (ಆರು ತಿಂಗಳು ಬಳಸಿದ್ಮೇಲೆ)

ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಮೈಕ್ ಯಾವ್ದು ತಗೊಂಡ್ರೂ ಪರ್ವಾಗಿಲ್ಲ, ಕ್ಯಾಲಿಬ್ರೇಟರ್ (ಗೊತ್ತಿರೋ ಅಳತೆಯ ಸದ್ದು ಬಿಟ್ಟು ಮೈಕ್ ಸರಿಯಾಗಿ ಓದ್ತಿದೆಯಾ ಅಂತ ನೋಡೋ ಸಾಧನ) ಇಲ್ದೆ ತಗೋಬೇಡಿ. ಪುರುಸೊತ್ತಿರೋರು ಮುಂದೆ ಓದಿ, ಸ್ವಲ್ಪ ಉದ್ದ ಆಗುತ್ತೆ.

ನಂಗೆ ಈ ಹುಚ್ಚು ಹತ್ತಿದ್ದು ಪಕ್ಕದ ಬಿಲ್ಡಿಂಗ್ ಟೆರೇಸ್ ಮೇಲೆ ಹೊಸದಾಗಿ ಕೂರ್ಸಿದ ಒಂದು ಕಂಪ್ರೆಸರಿಂದ. ಹಗಲೆಲ್ಲ ಅದು ಇರೋದೇ ಗೊತ್ತಾಗಲ್ಲ, ರಾತ್ರಿ ರಸ್ತೆ ತಣ್ಣಗಾದ್ಮೇಲೆ ಗುಂಯ್ ಅಂತ ಶುರು ಆಗುತ್ತೆ, ಕಿವೀಗೆ ಕೇಳ್ಸೋದಕ್ಕಿಂತ ದಿಂಬಿನೊಳಗಿಂದ ಬರ್ತಿದೆ ಅನ್ಸೋ ಥರ. ಮನೇಲಿ ಕೇಳಿದ್ರೆ "ನಮಗೇನೂ ಕೇಳ್ಸಲ್ಲಪ್ಪ, ಸುಮ್ನೆ ಮಲ್ಕೋ" ಅಂತಾರೆ. ಕೆಳಗಡೆ ಮೇಂಟೆನೆನ್ಸ್ ನೋಡ್ಕೊಳ್ಳೋರ ಹತ್ರ ಹೋದ್ರೆ ಅವ್ರು ಫೋನ್ ತೆಗ್ದು ಯಾವ್ದೋ ಆಪ್ ಹಾಕಿ "ನೋಡಿ ಸಾರ್, 36 ಡೆಸಿಬಲ್ ತೋರಿಸ್ತಿದೆ, ಇದು ಲೈಬ್ರರಿಗಿಂತ ಕಮ್ಮಿ" ಅಂದ್ಬಿಟ್ರು. ಅಂಕಿ ಮುಂದೆ ನಾವೇನು ಮಾತಾಡೋದು. ಸರಿ ನಾನೇ ಅಳೀತೀನಿ ಅಂತ ಹೊರಟೆ.

ಮೊದ್ಲು ಫೋನು. ಬೇರೆ ಬೇರೆ ಫೋನಲ್ಲಿ ಒಂದೇ ಆಪ್ ಹಾಕಿ ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ, ಒಂದು 41 ಅಂದ್ರೆ ಇನ್ನೊಂದು 49. ಕಪ್ಪೆ ತೂಗಿದಂಗೆ, ಒಂದು ಒಳಗೆ ಕೂತ್ರೆ ಇನ್ನೊಂದು ಹೊರಗೆ ಹಾರುತ್ತೆ. ಫೋನಿನ ಮೈಕ್ ಕೆಟ್ಟದ್ದು ಅಂತಲ್ಲ, ಚಿಪ್ಪಲ್ಲೇ ಕೂರೋ ಆ ಪುಟಾಣಿ ಮೆಮ್ಸ್ ಮೈಕ್‌ಗಳು ನಿಜವಾಗ್ಲೂ ಚೆನ್ನಾಗಿರ್ತವೆ, ತೊಂದ್ರೆ ಇರೋದು ಅದ್ರ ಹಿಂದಿರೋ ಸಾಫ್ಟ್‌ವೇರಲ್ಲಿ. ಫೋನ್ ಇರೋದು ನಮ್ಮ ಮಾತು ಆಕಡೆಯೋರಿಗೆ ಚೆನ್ನಾಗಿ ಕೇಳ್ಸೋಕೆ, ಹಂಗಾಗಿ ಮೆಲ್ಲಗಿರೋದನ್ನ ಎತ್ತುತ್ತೆ, ಜೋರಾಗಿರೋದನ್ನ ಅದುಮುತ್ತೆ, ಫ್ಯಾನ್ ಸದ್ದು ಅಂತ ಅನ್ಸಿದ್ರೆ ಅಳಿಸಿಯೇ ಹಾಕುತ್ತೆ. ನಾವು ಅಳೀಬೇಕು ಅಂತಿರೋದೇ ಆ ಫ್ಯಾನ್ ಸದ್ದು! ಆಂಡ್ರಾಯ್ಡ್ 7ರಿಂದ ಆಪ್‌ಗಳು ಪ್ರೊಸೆಸ್ ಮಾಡದ ಸೌಂಡ್ ಕೊಡು ಅಂತ ಕೇಳೋ ದಾರಿ ಇದೆ, ಆದ್ರೆ ಎಲ್ಲ ಫೋನೂ ಅದನ್ನ ಸಪೋರ್ಟ್ ಮಾಡಲ್ಲ. ಐಫೋನಲ್ಲಿ ಮಾಡೆಲ್‌ಗಳು ಕಮ್ಮಿ ಇರೋದ್ರಿಂದ ಈ ವಿಷ್ಯದಲ್ಲಿ ಸ್ವಲ್ಪ ವಾಸಿ, ಕೆಲಸಗಾರರ ಆರೋಗ್ಯ, ಸುರಕ್ಷತೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ನಿಯಾಶ್ ಸಂಸ್ಥೆಯವ್ರು ಅದಕ್ಕೇ ಅಂತ ಫ್ರೀಯಾಗಿ ಕೊಡೋ ಸೌಂಡ್ ಲೆವೆಲ್ ಮೀಟರ್ ಆಪ್ ಲ್ಯಾಬಲ್ಲಿ ಟೆಸ್ಟ್ ಮಾಡಿದಾಗ 2 ಡೆಸಿಬಲ್ ಆಕಡೆ ಈಕಡೆ ಒಳಗೇ ಬಂದಿದೆ. ಆದ್ರೆ ಅದು ಫ್ಯಾಕ್ಟರಿಯಂಥ ಕೆಲಸದ ಜಾಗದ ಗದ್ದಲಕ್ಕೆ ಮಾಡಿದ್ದು, ರಾತ್ರಿ ಎರಡು ಗಂಟೆ ಗುಂಯ್‌ಗೆ ಅಲ್ಲ. ಆಂಡ್ರಾಯ್ಡ್‌ಗೆ ಫ್ರಾನ್ಸಿನ ಸಂಶೋಧಕರು ಮಾಡಿರೋ ನಾಯ್ಸ್‌ಕ್ಯಾಪ್ಚರ್ ಅಂತ ಇದೆ, ಓಡಾಡ್ತಾ ಅಳೆದು ಮ್ಯಾಪ್ ಮಾಡೋಕೆ, ಅದು ನಂಗೆ ಇಷ್ಟ ಆಯ್ತು, ಸ್ಪೆಕ್ಟ್ರಮ್ಮೂ (ಯಾವ ಸ್ವರ ಎಷ್ಟು ಜೋರಿದೆ ಅನ್ನೋ ಗ್ರಾಫ್) ತೋರ್ಸುತ್ತೆ.

ಆಮೇಲೆ ಕೈಲಿ ಹಿಡ್ಕೊಳ್ಳೋ ಮೀಟರ್ ತಂದೆ, ಹಳದಿ ಕಪ್ಪು ಬಣ್ಣದ್ದು, ತುದೀಲಿ ಸ್ಪಂಜ್ ಉಂಡೆ. ಬ್ರ್ಯಾಂಡ್ ಹೆಸರು ಹಾಕಲ್ಲ, ಒಂದೇ ಒಳಗಿನ ಸಾಮಾನಿಗೆ ಹತ್ತು ಹೆಸರು ಅಂಟಿಸಿ ಮಾರೋ ಥರದ್ದು ಅದು. ಡಬ್ಬದ ಮೇಲೆ 30ರಿಂದ 130 ಡೆಸಿಬಲ್, ತಪ್ಪಿದ್ರೆ 1.5 ಮಾತ್ರ ಅಂತ ದೊಡ್ಡಕ್ಷರದಲ್ಲಿ. ಬೀದಿಗೆ ಹಿಡಿದ್ರೆ ಚೆನ್ನಾಗೇ ಕೆಲಸ ಮಾಡುತ್ತೆ, ಲಾರಿ ಹೋದ್ರೆ 78, ಹಾರನ್ ಹೊಡೆದ್ರೆ 91, ಆಮೇಲೆ ಹೋಲಿಸಿ ನೋಡಿದಾಗ ಒಂದು ಡೆಸಿಬಲ್ ಒಳಗೇ ಇತ್ತು. ಆದ್ರೆ ರಾತ್ರಿ ರೂಮಲ್ಲಿ? 35.8ಕ್ಕೆ ಬಂದು ಅಂಟ್ಕೊಂಡು ಕೂತ್ಬಿಡುತ್ತೆ. ಕಂಪ್ರೆಸರ್ ಆಫ್ ಆದ್ರೂ 35.8, ಬೀರು ಒಳಗೆ ಬಟ್ಟೆ ಮಧ್ಯೆ ಇಟ್ಟು ಬಾಗ್ಲು ಹಾಕಿದ್ರೂ 35.8. ಅದು ನನ್ನ ರೂಮಿನ ಸದ್ದಲ್ಲ, ಮೀಟರಿನ ಹೊಟ್ಟೆ ಸದ್ದು. ಆ ಮೇಂಟೆನೆನ್ಸ್‌ನೋರು ತೋರ್ಸಿದ 36 ಕೂಡ ಹಿಂಗೇ ಏನೋ ಅಂತ ಅವತ್ತೇ ಡೌಟು ಬಂತು. ಇನ್ನೂ ಒಂದು ಕಿರಿಕಿರಿ, ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತೆ, ಆಫ್ ಆಗಬಾರ್ದು ಅಂದ್ರೆ ಎರಡು ಬಟನ್ ಒಟ್ಟಿಗೆ ಒತ್ತಿ ಆನ್ ಮಾಡ್ಬೇಕು, ಇದು ಮ್ಯಾನ್ಯುಅಲಲ್ಲಿ ಕೊನೇ ಪುಟದಲ್ಲಿ ಇರುವೆ ಅಕ್ಷರದಲ್ಲಿ.

ಮೂರನೇದು, ಈಗ ನಿಜವಾಗ್ಲೂ ಬಳಸ್ತಿರೋದು, ಯುಎಸ್‌ಬಿ ಮೆಷರ್ಮೆಂಟ್ ಮೈಕ್. ಮಿನಿಡಿಎಸ್‌ಪಿಯ ಯುಮಿಕ್-1, ಡೇಟನ್ ಆಡಿಯೋದ ಯುಎಂಎಂ-6 ಹೆಸರು ಕೇಳಿರ್ತೀರ, ಸ್ಪೀಕರ್ ಟ್ಯೂನ್ ಮಾಡೋರು ಇಟ್ಕೊಂಡಿರ್ತಾರೆ, ಆ ಜಾತೀದು. ಪೆನ್ನಿಗಿಂತ ಸ್ವಲ್ಪ ದಪ್ಪ, ಮೂತಿ ಮಾತ್ರ ಸಣ್ಣ. ಇವುಗಳ ಅಸಲಿ ಬೆಲೆ ಇರೋದು ಮೈಕಲ್ಲಿ ಅಲ್ಲ, ಅದ್ರ ಜೊತೆ ಬರೋ ಫೈಲಲ್ಲಿ. ಪ್ರತಿ ಮೈಕಿಗೂ ಸೀರಿಯಲ್ ನಂಬರ್, ಆ ನಂಬರಿಗೆ ತಕ್ಕಂತೆ ಯಾವ ಫ್ರೀಕ್ವೆನ್ಸೀಲಿ ಎಷ್ಟು ಹೆಚ್ಚು ಕಮ್ಮಿ ಓದುತ್ತೆ ಅಂತ ಅಳೆದಿಟ್ಟಿರೋ ಒಂದು ಟೆಕ್ಸ್ಟ್ ಫೈಲ್. ಅದನ್ನ ಆರ್‌ಇಡಬ್ಲ್ಯೂ ಅನ್ನೋ ಸಾಫ್ಟ್‌ವೇರಿಗೆ ತಿನ್ನಿಸಿದ್ರೆ ಅದು ಲೆಕ್ಕ ಸರಿ ಮಾಡ್ಕೊಳ್ಳುತ್ತೆ. ಈ ಸಾಫ್ಟ್‌ವೇರ್ ಫ್ರೀ, ರೂಮಿನ ಸ್ಪೀಕರ್ ಸರಿ ಮಾಡೋಕೆ ಅಂತ ಇರೋದಾದ್ರೂ ಒಳಗೊಂದು ಸೌಂಡ್ ಲೆವೆಲ್ ಮೀಟರ್ ಇದೆ, ಲಾಗಿಂಗ್ (ಅಳತೆನ ತಾನಾಗೇ ಬರೆದಿಡೋದು) ಇದೆ, ಎ ಸಿ ಝಡ್ ಮೂರೂ ವೇಯ್ಟಿಂಗ್ (ಯಾವ ಸ್ವರಕ್ಕೆ ಎಷ್ಟು ತೂಕ ಕೊಡ್ಬೇಕು ಅನ್ನೋ ಲೆಕ್ಕ) ಇದೆ, ಎಲ್‌ಇಕ್ಯೂ (ಸದ್ದಿನ ಶಕ್ತಿ ಲೆಕ್ಕದ ಸರಾಸರಿ, ಕೆಳಗೆ ಹೇಳ್ತೀನಿ) ಇದೆ. ಸ್ಕ್ರೀನ್ ನೋಡಿದ್ರೆ ವಿಮಾನದ ಕಾಕ್‌ಪಿಟ್ ಥರ ಇರುತ್ತೆ, ಎರಡು ದಿನ ತಲೆ ಕೆಡುತ್ತೆ, ಆಮೇಲೆ ಅಭ್ಯಾಸ ಆಗುತ್ತೆ.

ಈಗ ಕ್ಯಾಲಿಬ್ರೇಟರ್ ವಿಷ್ಯ. ಮೊದ್ಲು ನಾನೂ ತಗೊಂಡಿರ್ಲಿಲ್ಲ, ಫೈಲ್ ಇದೆಯಲ್ಲ ಇನ್ಯಾಕೆ ಅಂತ. ಒಂದು ವಾರ ರಾತ್ರಿಯೆಲ್ಲ ಲಾಗ್ ಹಾಕಿ, ಎಕ್ಸೆಲ್‌ಗೆ ಹಾಕಿ, ಗ್ರಾಫ್ ಬಿಡ್ಸಿ, ಖುಷಿಯಾಗಿ ನೋಡ್ತಿದ್ರೆ ಬುಧವಾರದಿಂದ ಎಲ್ಲ ರೀಡಿಂಗೂ 6 ಡೆಸಿಬಲ್ ಕೆಳಗೆ ಇಳಿದಿದೆ. ಕಂಪ್ರೆಸರ್ ಸರಿ ಮಾಡಿದ್ರಾ ಅಂತ ಟೆರೇಸ್ ಹತ್ತಿ ನೋಡಿ ಬಂದೆ, ಅದು ಹಂಗೇ ಗುಂಯ್ ಅಂತಿದೆ. ಆಮೇಲೆ ಗೊತ್ತಾಯ್ತು, ಮಂಗಳವಾರ ಸಂಜೆ ಯಾರದೋ ಜೊತೆ ವಿಡಿಯೋ ಕಾಲ್ ಮಾಡಿದ್ದೆ, ಆ ಕಾಲ್ ಆಪ್ ತಾನಾಗೇ ಮೈಕಿನ ವಾಲ್ಯೂಮ್ ಸ್ಲೈಡರ್ ಇಳಿಸಿಬಿಟ್ಟಿದೆ. ಒಂದು ವಾರದ ನಿದ್ದೆಗೆಟ್ಟ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು.

ಅದಾದ್ಮೇಲೆ ಕ್ಯಾಲಿಬ್ರೇಟರ್ ತಗೊಂಡೆ. ನೋಡೋಕೆ ಸಣ್ಣ ಟಾರ್ಚ್ ಥರ ಇರುತ್ತೆ, ಮುಂದೆ ಒಂದು ತೂತು, ಮೈಕಿನ ಮೂತಿ ಅದ್ರೊಳಗೆ ತೂರ್ಸಿ ಬಟನ್ ಒತ್ತಿದ್ರೆ 1000 ಹರ್ಟ್ಸ್‌ನಲ್ಲಿ 'ಪೀಂ' ಅಂತ 94 ಡೆಸಿಬಲ್ ಸದ್ದು ಬಿಡುತ್ತೆ. ಯಾಕೆ 94 ಅಂದ್ರೆ ಅದು ಸರಿಯಾಗಿ 1 ಪಾಸ್ಕಲ್ ಒತ್ತಡ, ಯಾಕೆ 1000 ಅಂದ್ರೆ ಎ-ವೇಯ್ಟಿಂಗ್ ಹಾಕಿದ್ರೂ ಬಿಟ್ರೂ ಅಲ್ಲಿ ಅಂಕಿ ಬದಲಾಗಲ್ಲ. ಸ್ಕ್ರೀನಲ್ಲಿ 94 ಬರ್ಬೇಕು, ಬಂದಿಲ್ಲ ಅಂದ್ರೆ ಏನೋ ಎಡವಟ್ಟು. ಅಷ್ಟೇ. ತಕ್ಕಡಿ ಇಟ್ಕೊಂಡು ಕಲ್ಲು ಇಲ್ದೆ ಇದ್ರೆ ಹೆಂಗೋ ಹಂಗೆ, ಇದಿಲ್ದೆ ಬೇರೆಲ್ಲ. ಒಂದು ಸೂಕ್ಷ್ಮ, ಕ್ಯಾಲಿಬ್ರೇಟರ್ ತೂತು ಸಾಮಾನ್ಯವಾಗಿ ಒಂದು ಇಂಚು ಇಲ್ಲಾ ಅರ್ಧ ಇಂಚು ಮೈಕಿಗೆ ಇರುತ್ತೆ, ಸಣ್ಣ ಮೂತಿಯ ಮೈಕಿಗೆ ಅಡಾಪ್ಟರ್ ಬೇಕು. ನಂಗೆ ಬಂದ ಅಡಾಪ್ಟರ್ ಲೂಸಿತ್ತು, ಗಾಳಿ ಸೋರಿದ್ರೆ ರೀಡಿಂಗ್ ಕಮ್ಮಿ ಬರುತ್ತೆ, 91.5, ಬೆರಳಲ್ಲಿ ಒತ್ತಿ ಹಿಡಿದ್ರೆ 93.8, ಬಿಟ್ರೆ ಮತ್ತೆ ಕೆಳಗೆ. ಕೊನೆಗೆ ಪ್ಲಂಬಿಂಗ್ ಸಾಮಾನಿನ ಡಬ್ಬದಲ್ಲಿ ಒಂದು ರಬ್ಬರ್ ರಿಂಗ್ ಸಿಕ್ತು, ಅದನ್ನ ಮೂತಿಗೆ ಸಿಕ್ಕಿಸಿ ತೂರ್ಸಿದೆ, ಮೂರು ಸಲ ತೆಗ್ದು ಹಾಕಿದ್ರೂ 94.0, 94.1, 94.0. ಆ ಖುಷಿ ಹೇಳಕ್ಕಾಗಲ್ಲ. ಈಗ ಲಾಗ್ ಶುರು ಮಾಡೋಕೆ ಮುಂಚೆ ಒಂದ್ಸಲ ಪೀಂ, ಮುಗಿದ್ಮೇಲೆ ಒಂದ್ಸಲ ಪೀಂ, ಎರಡೂ ಅರ್ಧ ಡೆಸಿಬಲ್ ಒಳಗೆ ಇಲ್ಲ ಅಂದ್ರೆ ಆ ರಾತ್ರಿ ಡೇಟಾ ಕಸದ ಬುಟ್ಟಿಗೆ.

ಈಗ ಆ 36ರ ಕಥೆಗೆ ಬರೋಣ. ರಾತ್ರಿ ಎರಡು ಗಂಟೆ, ಮೈಕ್ ದಿಂಬಿನ ಎತ್ತರಕ್ಕೆ ಸ್ಟ್ಯಾಂಡಲ್ಲಿ, ಲ್ಯಾಪ್‌ಟಾಪ್ ಬಾಗಿಲಾಚೆ ಹಾಲಲ್ಲಿ ಯಾಕಂದ್ರೆ ಅದ್ರ ಫ್ಯಾನೇ ಒಂದು ಗದ್ದಲ. ಎ-ವೇಯ್ಟಿಂಗಲ್ಲಿ ನಂಗೂ 36 ಬಂತು! ಅವ್ರು ಹೇಳಿದ್ದು ತಪ್ಪಲ್ಲ. ತಗ್ಗು ಸ್ವರಾನ ಅಷ್ಟಾಗಿ ಕಳೆಯದ ಸಿ-ವೇಯ್ಟಿಂಗಿಗೆ ಬದಲಾಯಿಸಿದೆ, 55. ಒಂದೇ ರೂಮು, ಒಂದೇ ಕ್ಷಣ, 19 ಡೆಸಿಬಲ್ ವ್ಯತ್ಯಾಸ. ಸ್ಪೆಕ್ಟ್ರಮ್ ತೆಗ್ದು ನೋಡಿದ್ರೆ 100 ಹರ್ಟ್ಸ್ ಹತ್ರ ತೆಂಗಿನಮರದ ಥರ ಒಂದೇ ಒಂದು ಗೆರೆ ಎದ್ದು ನಿಂತಿದೆ, ಸುತ್ತಲೂ ಬಟ್ಟ ಬಯಲು. 50 ಹರ್ಟ್ಸ್ ಕರೆಂಟ್ ಇರೋ ಕಡೆ ಮೋಟರು, ಟ್ರಾನ್ಸ್‌ಫಾರ್ಮರು ಗುಂಯ್ ಅನ್ನೋದು 100ರಲ್ಲಿ, 60 ಇರೋ ಕಡೆ 120ರಲ್ಲಿ. ಎ-ವೇಯ್ಟಿಂಗ್ ಅನ್ನೋದು ನಮ್ಮ ಕಿವಿ ತಗ್ಗು ಸ್ವರಕ್ಕೆ ಸ್ವಲ್ಪ ಮಂದ ಅನ್ನೋ ಲೆಕ್ಕದಲ್ಲಿ 100 ಹರ್ಟ್ಸ್‌ನಲ್ಲಿ 19 ಡೆಸಿಬಲ್ ಕಳೆದುಬಿಡುತ್ತೆ, 50ರಲ್ಲಿ 30. ರಸ್ತೆ ಗದ್ದಲದಂಥ ಎಲ್ಲ ಸ್ವರ ಬೆರೆತ ಸದ್ದಿಗೆ ಇದು ಸರಿ, ಒಂದೇ ತಗ್ಗು ಸ್ವರ ಗಂಟೆಗಟ್ಟಲೆ ಕೊರೀತಿದ್ರೆ ಈ ಅಂಕಿ ಅದನ್ನ ಬಚ್ಚಿಟ್ಬಿಡುತ್ತೆ. ಹಂಗಾಗಿ ಸಿ ಮೈನಸ್ ಎ 15-20 ದಾಟಿದ್ರೆ ಸ್ಪೆಕ್ಟ್ರಮ್ ನೋಡ್ದೆ ಮಾತಾಡಬೇಡಿ. ಇದೊಂದೇ ಕಾರಣಕ್ಕೆ ನಾನು ಈ ಮೈಕ್ ಸೆಟಪ್ಪಿಗೆ ಕೈಮೀಟರಿಗಿಂತ ಹೆಚ್ಚು ಮಾರ್ಕ್ಸ್ ಕೊಡೋದು, ಕೈಮೀಟರ್ ಒಂದು ಅಂಕಿ ಹೇಳುತ್ತೆ, ಇದು ಯಾವ ಕಡೆಯಿಂದ ಕಳ್ಳ ಬಂದ ಅಂತ ಹೇಳುತ್ತೆ.

ರೂಮೊಳಗೆ ಅಳೆಯೋರಿಗೆ ಇನ್ನೊಂದು ಮಜಾ ಕಾದಿದೆ. ಮೈಕ್ ಕೈಲಿ ಹಿಡ್ಕೊಂಡು ಗೋಡೆಯಿಂದ ಗೋಡೆಗೆ ನಡೀರಿ, 100 ಹರ್ಟ್ಸ್ ಗೆರೆ ಏರಿಳೀತಾ ಹೋಗುತ್ತೆ. ನನ್ನ ರೂಮು ಮೂರು ಮೀಟರ್ 40 ಸೆಂಟಿಮೀಟರ್, 100 ಹರ್ಟ್ಸ್ ಅಲೆ ಸರಿಯಾಗಿ ಅಷ್ಟೇ ಉದ್ದ, ಗೋಡೆ ಗೋಡೆ ಮಧ್ಯೆ ಬಡಿದು ನಿಂತ್ಬಿಡುತ್ತೆ. ಗೋಡೆ ಹತ್ರ ಜೋರು, ಸ್ವಲ್ಪ ಈಚೆಗೆ ಬಂದ್ರೆ ಮಾಯ, ರೂಮಿನ ನಡುವೆ ಮತ್ತೆ ಜೋರು. 12 ಡೆಸಿಬಲ್ ಹೆಚ್ಚುಕಮ್ಮಿ, ಬರೀ ಮುಕ್ಕಾಲು ಮೀಟರಲ್ಲಿ. ನನ್ನ ದಿಂಬು ಗೋಡೆಗೆ ಅಂಟ್ಕೊಂಡಿತ್ತು, ಮನೆಯೋರದ್ದು ಇಲ್ಲ. ಅವ್ರಿಗೆ ಕೇಳ್ಸಲ್ಲ ಅಂದಿದ್ದೂ ಸುಳ್ಳಲ್ಲ ಪಾಪ.

ಮೈಕಿನ ಮಿತಿಗಳನ್ನೂ ಹೇಳ್ಬೇಕು, ಇಲ್ಲಾಂದ್ರೆ ಜಾಹೀರಾತು ಆಗುತ್ತೆ. ಸಣ್ಣ ಕ್ಯಾಪ್ಸೂಲ್ (ಸದ್ದು ಹಿಡಿಯೋ ಭಾಗ) ಇರೋ ಅಗ್ಗದ ಮೈಕ್ ಎಲ್ಲಕ್ಕೂ ತನ್ನದೇ ಒಂದು ಸುಂಯ್ ಸದ್ದು ಇದ್ದೇ ಇರುತ್ತೆ. ನಂದನ್ನ ಕಂಬಳಿ ಸುತ್ತಿ ಬೀರೂಲಿಟ್ಟು ನೋಡಿದಾಗ 29 ಡೆಸಿಬಲ್‌ಗಿಂತ ಕೆಳಗೆ ಹೋಗ್ಲಿಲ್ಲ. ಕಂಪ್ರೆಸರ್ ನಿಂತಾಗ ರೂಮಲ್ಲಿ 31 ತೋರ್ಸುತ್ತೆ, ಲೆಕ್ಕ ಹಾಕಿದ್ರೆ ಆ 31ರಲ್ಲಿ ಅರ್ಧಕ್ಕಿಂತ ಜಾಸ್ತಿ ಶಕ್ತಿ ಮೈಕಿನದ್ದೇ, ಅಸಲಿ ರೂಮು 27ರ ಆಸುಪಾಸು. ಡೆಸಿಬಲ್ ಕೂಡೋದು ಕಳೆಯೋದು ನಮ್ಮ ಮಾಮೂಲಿ ಲೆಕ್ಕ ಅಲ್ಲ, ಒಂದೇ ಥರದ ಎರಡು ಮೆಷಿನ್ ಸೇರಿದ್ರೆ ಡಬಲ್ ಆಗಲ್ಲ, 3 ಜಾಸ್ತಿ ಆಗುತ್ತೆ ಅಷ್ಟೇ. ಆದ್ರೆ ಸ್ಪೆಕ್ಟ್ರಮಲ್ಲಿ ಈ ತೊಂದ್ರೆ ಕಮ್ಮಿ, ಮೈಕಿನ ಸುಂಯ್ ಎಲ್ಲ ಫ್ರೀಕ್ವೆನ್ಸಿಗೂ ಹಂಚಿಹೋಗಿರುತ್ತೆ, 100 ಹರ್ಟ್ಸ್ ಗೆರೆ ಅದ್ರ ಮೇಲೆ ಆರಾಮಾಗಿ ಕಾಣುತ್ತೆ. ತುಂಬಾ ನಿಶ್ಶಬ್ದ ಜಾಗ ಅಳೀಬೇಕು ಅನ್ನೋರಿಗೆ ಈ ಮೈಕ್ ಆಗಲ್ಲ. ಸೋಲ್ಡರಿಂಗ್ ಬರೋರು ಪಿಯುಐ ಆಡಿಯೋದ ಎಓಎಂ-5024 ಥರದ ಕ್ಯಾಪ್ಸೂಲ್ ನೋಡಿ, 14 ಡೆಸಿಬಲ್ ಸ್ವಂತ ಸದ್ದು, ಆದ್ರೆ ಅದನ್ನ ರೆಕಾರ್ಡರಿಗೆ ಜೋಡ್ಸಿ ಕ್ಯಾಲಿಬ್ರೇಟ್ ಮಾಡೋದು ನಿಮ್ಮ ಹಣೆಬರಹ. ಇಎಸ್‌ಪಿ32 ಅನ್ನೋ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಐಎನ್‌ಎಂಪಿ441 ಮೆಮ್ಸ್ ಮೈಕ್ ಹಾಕಿ ಮಾಡೋ ಪ್ರಾಜೆಕ್ಟ್‌ಗಳೂ ಬೇಜಾನ್ ಇವೆ, ಅದ್ರ ಸ್ವಂತ ಸದ್ದು 33, ಮೇಲೆ 120ಕ್ಕೆ ಕ್ಲಿಪ್ ಆಗುತ್ತೆ (ಅದಕ್ಕಿಂತ ಜೋರಾದ್ರೆ ಸರಿಯಾಗಿ ಓದಲ್ಲ), ರಸ್ತೆ ಪಕ್ಕ ವರ್ಷಗಟ್ಟಲೆ ಬಿಡೋಕೆ ಇದು ಸಾಕು, ಬೆಡ್‌ರೂಮಿಗೆ ಬೇಡ.

ಹೊರಗಡೆ ಅಳೆಯೋದು ಬೇರೆ ಗೋಳು, ಮುಖ್ಯವಾಗಿ ಗಾಳಿ. ಡಬ್ಬದಲ್ಲಿ ಬಂದ ಸ್ಪಂಜು ಗೋಲಿಗಾತ್ರ, ಎಲೆ ಅಲ್ಲಾಡೋ ಗಾಳಿಗೇ ಸೋಲುತ್ತೆ, ಸ್ಪೆಕ್ಟ್ರಮ್ ಎಡಗಡೆಯೆಲ್ಲ ಗುಡ್ಡ ಆಗ್ಬಿಡುತ್ತೆ. 9 ಸೆಂಟಿಮೀಟರ್ ಉಂಡೆ ಬೇರೆ ತಂದ್ಮೇಲೆ ವಾಸಿ ಆಯ್ತು, ಆದ್ರೂ ಸೆಕೆಂಡಿಗೆ 5 ಮೀಟರ್ ದಾಟಿದ ಗಾಳೀಲಿ ಅಳೆದಿದ್ದನ್ನ ಯಾರೂ ಒಪ್ಪಲ್ಲ, ನೀವೂ ಒಪ್ಪಬೇಡಿ. ಗೋಡೆಗೆ ಒರಗಿಸಿ ಇಡಬೇಡಿ, ಗೋಡೆಯಿಂದ ವಾಪಸ್ ಬರೋ ಸದ್ದೂ ಸೇರಿ 3 ಡೆಸಿಬಲ್ಲೋ ಇನ್ನೂ ಜಾಸ್ತಿಯೋ ಏರುತ್ತೆ, ಮೂರೂವರೆ ಮೀಟರ್ ದೂರ, ನೆಲದಿಂದ ಒಂದೂವರೆ ಮೀಟರ್ ಎತ್ತರ ಇಟ್ರೆ ಒಳ್ಳೇದು. ಯುಎಸ್‌ಬಿ ಕೇಬಲ್ ಐದು ಮೀಟರಿಗಿಂತ ಉದ್ದ ಎಳೆದ್ರೆ ಮೈಕ್ ಆಗಾಗ ಮಾಯ ಆಗುತ್ತೆ, ಇದು ನಂಗೆ ಬೆಳಗಿನ ಜಾವ ನಾಲ್ಕಕ್ಕೆ ಗೊತ್ತಾಗಿದ್ದು. ಮಳೆ ಬಂದ್ರೆ ಎತ್ಕೊಂಡು ಓಡಿ, ಅಷ್ಟೇ.

ಇನ್ನು ಸರಾಸರಿ ವಿಷ್ಯ, ಇದರಲ್ಲಿ ಎಲ್ಲರೂ ಎಡವ್ತಾರೆ. ಒಂದು ಗಂಟೇಲಿ 59 ನಿಮಿಷ 50 ಡೆಸಿಬಲ್ ಇದ್ದು, ಒಂದೇ ಒಂದು ನಿಮಿಷ 80 ಬಂತು ಅನ್ಕೊಳ್ಳಿ. ಎಕ್ಸೆಲಲ್ಲಿ ಆವರೇಜ್ ಹಾಕಿದ್ರೆ 50.5 ಬರುತ್ತೆ, ತಪ್ಪು. ಶಕ್ತಿ ಲೆಕ್ಕದಲ್ಲಿ ಮಾಡ್ಬೇಕು, ಆಗ 62.5. ಅದೇ ಎಲ್‌ಇಕ್ಯೂ. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆ ಅಂತ 2018ರಲ್ಲಿ ಕೊಟ್ಟ ಮಾರ್ಗಸೂಚೀಲಿ ರಸ್ತೆ ಗದ್ದಲ ರಾತ್ರಿ 45 ದಾಟಬಾರ್ದು, ಇಡೀ ದಿನದ ಲೆಕ್ಕದಲ್ಲಿ 53 ದಾಟಬಾರ್ದು ಅಂತಿದೆಯಲ್ಲ, ಅದು ಈ ಥರ ವರ್ಷದ ಸರಾಸರಿ, ಅದೂ ಮನೆ ಹೊರಗಡೆ, ದಿನದ ಲೆಕ್ಕಕ್ಕೆ ಸಂಜೆಗೆ 5 ರಾತ್ರಿಗೆ 10 ಸೇರ್ಸಿ. ನಾವು ಕಿಟಕಿ ಪಕ್ಕ ಫೋನ್ ಹಿಡಿದು ಹತ್ತು ಸೆಕೆಂಡ್ ನೋಡಿ "ನೋಡಿ 60 ಇದೆ" ಅಂದ್ರೆ ಅದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ.

ಆಡಿಯೋ ಪೂರ್ತಿ ರೆಕಾರ್ಡ್ ಮಾಡ್ತೀನಿ ಅನ್ನೋರು ಜಾಗ ನೋಡ್ಕೊಳ್ಳಿ, 48 ಕಿಲೋಹರ್ಟ್ಸ್ 24 ಬಿಟ್ ಒಂದೇ ಚಾನೆಲ್ ಆದ್ರೂ ದಿನಕ್ಕೆ 12 ಜಿಬಿ ಮೇಲೆ. ಅಲ್ದೆ ಬೇರೆಯವ್ರ ಮಾತೂ ರೆಕಾರ್ಡ್ ಆಗುತ್ತೆ, ಅದು ಸರಿಯಲ್ಲ. ನಾನು ಸೆಕೆಂಡಿಗೊಂದು ಅಂಕಿ ಮಾತ್ರ ಉಳಿಸ್ತೀನಿ, ಒಂದು ರಾತ್ರಿ ಬರೀ ಒಂದು ಸಣ್ಣ ಫೈಲು.

ಕೋರ್ಟು ಕಚೇರಿಗೆ ಹೋಗೋಕೆ ಇದು ಆಗುತ್ತಾ ಅಂತ ಇಬ್ಬರು ಮೂವರು ಕೇಳಿದ್ರು. ಆಗಲ್ಲ ಅನ್ಕೊಂಡೇ ಇರಿ. ಅಲ್ಲಿ ಕೇಳೋದು ಸೌಂಡ್ ಮೀಟರ್‌ಗಳಿಗೆ ಇರೋ ಐಇಸಿ 61672 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕ್ಲಾಸ್ 1 ಇಲ್ಲಾ ಕ್ಲಾಸ್ 2 (ಎಷ್ಟು ನಿಖರ ಅನ್ನೋ ದರ್ಜೆ) ಮೀಟರ್, ಲ್ಯಾಬ್ ಸರ್ಟಿಫಿಕೇಟು, ಅಳೆದೋರ ಸಹಿ. ಅಗ್ಗದ ಮೀಟರ್ ಡಬ್ಬದ ಮೇಲೆ 'ಕ್ಲಾಸ್ 2' ಅಂತ ಅಚ್ಚು ಹಾಕಿದ್ರೂ ಟೆಸ್ಟ್ ರಿಪೋರ್ಟ್ ಕೇಳಿ ನೋಡಿ, ಮಾರೋರು ಅಲ್ಲಿಗೇ ಮೌನ, ನಾನು ಮೂರು ಸಲ ಮೆಸೇಜ್ ಹಾಕ್ದೆ. ಈ ಸೆಟಪ್ಪಿನ ಉಪಯೋಗ ಇರೋದು ಆ ದುಬಾರಿ ಮೀಟರಿನೋರನ್ನ ಕರೆಸಬೇಕಾ ಬೇಡ್ವಾ, ಕರೆಸಿದ್ರೆ ಯಾವ ಹೊತ್ತಿಗೆ ಕರೆಸಬೇಕು ಅಂತ ತೀರ್ಮಾನ ಮಾಡೋಕೆ.

ನಂಗೆ ಆ ಹಂತದ ತನಕ ಹೋಗಬೇಕಾಗ್ಲಿಲ್ಲ. ಒಂದು ರಾತ್ರಿ ಗ್ರಾಫ್ ಪ್ರಿಂಟ್ ತೆಗ್ದು ಮೇಂಟೆನೆನ್ಸ್‌ನೋರಿಗೆ ತೋರ್ಸಿದೆ, 18 ನಿಮಿಷ ಎದ್ದು 7 ನಿಮಿಷ ಬಿದ್ದು, ಕೋಟೆ ಗೋಡೆ ತೆನೆ ಥರ ಬೆಳಗ್ಗೆ ತನಕ. ಅದನ್ನ ನೋಡಿದ ಟೆಕ್ನೀಷಿಯನ್ "ಹೌದು ಸಾರ್, ಇದು ನಮ್ಮ ಮೆಷಿನ್ ಸೈಕಲ್ಲೇ" ಅಂತ ಒಂದೇ ಮಾತಿಗೆ ಒಪ್ಕೊಂಡ್ರು, 36ರ ಬಗ್ಗೆ ಯಾರೂ ಮಾತಾಡ್ಲಿಲ್ಲ. ಮೇಲೆ ಹೋಗಿ ನೋಡಿದ್ರೆ ನಾಲ್ಕು ಕಾಲಲ್ಲಿ ಎರಡರ ಕೆಳಗೆ ರಬ್ಬರ್ರೇ ಇಲ್ಲ, ಸೀದಾ ಕಾಂಕ್ರೀಟಿಗೆ ಬೋಲ್ಟ್. ಹಾಕಿಸಿದ್ರು. ಅವತ್ತು ರಾತ್ರಿ ಪೀಂ ಮಾಡಿ ಅಳೆದೆ, 100 ಹರ್ಟ್ಸ್ ಗೆರೆ 54ರಿಂದ 45ಕ್ಕೆ ಇಳಿದಿದೆ, ಎ-ವೇಯ್ಟಿಂಗಲ್ಲಿ 36 ಇದ್ದಿದ್ದು 32. ಪೂರ್ತಿ ಹೋಗಿಲ್ಲ, ಹುಡುಕಿದ್ರೆ ಕೇಳುತ್ತೆ, ನಾನು ಮಂಚಾನೂ ಗೋಡೆಯಿಂದ ಮುಕ್ಕಾಲು ಮೀಟರ್ ಈಚೆಗೆ ಎಳ್ಕೊಂಡೆ.

ಸ್ಟಾರ್ ಕೊಡ್ಲೇಬೇಕು ಅಂದ್ರೆ ಮೈಕಿಗೆ 4, ಕ್ಯಾಲಿಬ್ರೇಟರಿಗೆ 5, ಅದ್ರ ಅಡಾಪ್ಟರಿಗೆ 1, ಕೈಮೀಟರಿಗೆ ರಸ್ತೇಲಿ 4 ಮನೇಲಿ 2, ಫೋನಿಗೆ ನಿಮ್ಮ ಅದೃಷ್ಟ ಇದ್ದಂಗೆ. ಸದ್ಯಕ್ಕೆ ಇಡೀ ಸೆಟ್ಟು ಮೂರನೇ ಫ್ಲೋರಿನ ಅಂಕಲ್ ಮನೇಲಿದೆ, ಅವ್ರಿಗೆ ಲಿಫ್ಟ್ ಮೋಟರ್ ಮೇಲೆ ಡೌಟು. ವಿಡಿಯೋ ಕಾಲ್ ಮಾತ್ರ ಮಾಡಬೇಡಿ ಅಂಕಲ್ ಅಂತ ಹೇಳಿ ಕೊಟ್ಟಿದೀನಿ.